ಸಹಿ ಮಾಡುವ ಜಾಗ

ಹೆಸರು: ಮುದ್ದೆ.
ಬಣ್ಣ: ಅದೇ.
ತಳಿ ಎಂಬಲ್ಲಿ ಹೆಬ್ಬಾಳದ ಡಾಕ್ಟರು ಪೆನ್ನು ನಿಲ್ಲಿಸಿ
ನನ್ನ ಮುಖ ನೋಡಿದರು.
ಬೀದಿ, ಅಂದೆ.
ಅವರು ಇಂಗ್ಲಿಷಿನಲ್ಲಿ ಏನೋ ಉದ್ದಕ್ಕೆ ಬರೆದುಕೊಂಡರು.
ನಮ್ಮ ಬೀದಿಗೆ ಅಷ್ಟು ಮರ್ಯಾದೆ ಸಿಕ್ಕಿದ್ದು ಅವತ್ತೇ.

ಅಕ್ಕಿಕಾಳಿನಷ್ಟು ಚಿಪ್ಪು ಹೆಗಲ ಚರ್ಮದಡಿ ಹೋಯಿತು.
ಹದಿನೈದು ಅಂಕಿ.
ನನ್ನ ಆಧಾರಿನಲ್ಲಿ ಹನ್ನೆರಡೇ.
ಆಮೇಲೆ ಹುಚ್ಚುರೋಗದ ಸೂಜಿ, ತಿಂಗಳು ಬಿಟ್ಟು ರಕ್ತ.
ನಮ್ಮಿಬ್ಬರಿಗಿಂತ ಮೊದಲು ಅವಳ ರಕ್ತ ವಿಮಾನ ಹತ್ತಿತು
ಥರ್ಮಾಕೋಲ್ ಡಬ್ಬಿಯಲ್ಲಿ, ಐಸಿನ ನಡುವೆ.
ರಕ್ತ ಕೊಟ್ಟ ದಿನದಿಂದ ಮೂರು ತಿಂಗಳು
ಕಾಯಬೇಕು ಅಂದರು.

ಕಾದೆವು.
ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ ಬಂದು
ಜರ್ಮನ್ ಪುಸ್ತಕ ತೆರೆದು ಅವಳಿಗೆ ಪಾಠ ಒಪ್ಪಿಸುತ್ತಿದ್ದೆ:
ಎಲ್ಲಿ ನೋವು? ಎಷ್ಟು ದಿನದಿಂದ?
ಉಸಿರು ಎಳೆದುಕೊಳ್ಳಿ. ಬಿಡಿ.
'ಕೊಮ್' ಅಂದರೆ ಕಿವಿಯೂ ಅಲ್ಲಾಡದು.
'ಬಾರೇ' ಅಂದರೆ ಬೀರುವಿನ ಮೇಲಿಂದ ಧುಮುಕುವಳು.
ಅಲ್ಲಿ ಹಾಗೆ ಕರೆಯುವವಳು ನಾನೊಬ್ಬಳೇ.

ಬೆಳಿಗ್ಗೆ ನಾನು ಬೀಗ ತೆಗೆಯುವ ಹೊತ್ತಿಗೆ
ಕಿಟಕಿಯಿಂದ ಅವಳೂ ಬರುತ್ತಿದ್ದಳು
ಮೈಯೆಲ್ಲ ಮಲ್ಲಿಗೆ, ಗಂಧ;
ಅಂಗಾಲು ಮಾತ್ರ ಇದ್ದಿಲ ಕಪ್ಪು.
ಯಾವುದೋ ಗುಡಿಯಲ್ಲಿ ಮಲಗುತ್ತಾಳೆ ಅಂತ
ನಾಲ್ಕು ವರ್ಷ ನಂಬಿದ್ದೆ.
ಒಮ್ಮೆ ಆ ತಲೆ ಮುಟ್ಟಿ ಕಣ್ಣಿಗೊತ್ತಿಕೊಂಡದ್ದೂ ಉಂಟು.

ಕಾಮಾಕ್ಷಿಪಾಳ್ಯದ ನಮ್ಮ ಗಲ್ಲಿಯ ಕೊನೆಗೆ
ಶೀಟಿನ ಮನೆಯಲ್ಲಿ ಊದುಬತ್ತಿ ಹೊಸೆಯುವ ಚಿಕ್ಕತಾಯಮ್ಮ
ನಾನು ಬ್ಯಾಗು ಕೊಂಡು ತಂದ ಸಂಜೆ ಬಾಗಿಲಿಗೆ ಬಂದಳು.
"ನಮ್ ಸುಬ್ಬೀನ ಎಲ್ಗೋ ಕರ್ಕೊಂಡ್ ಹೋಯ್ತೀರಂತೆ?"

ಸುಬ್ಬಿ?

ನನ್ನ ಕಾಲ ಹಿಂದಿನಿಂದ ಮುದ್ದೆ, ಬಾಲವೆತ್ತಿ,
ಸೀದಾ ಹೋಗಿ
ಅವಳ ಸೀರೆಯಂಚಿಗೆ ಕೆನ್ನೆ ಉಜ್ಜಿದಳು.

ಫಾರಮ್ಮಿನಲ್ಲಿ ಮಾಲೀಕರ ಸಹಿಗೆ ಒಂದೇ ಗೆರೆ.
ಅದನ್ನು ತೆಗೆದು ತೋರಿಸಿದೆ, ಯಾಕೆ ತೋರಿಸಿದೆನೋ.
ಅವಳು ಅದರ ಕಡೆ ನೋಡಲೂ ಇಲ್ಲ. ಕೇಳಿದಳು:
ಅಲ್ಲಿ ಹಲ್ಲಿ ಇದಾವಾ?
ಬಿಸಿಲು ಬೀಳೋ ಮೆಟ್ಲು ಐತಾ?
ರಾತ್ರಿ ನೀವು ಕೆಲ್ಸಕ್ಕೋದ್ರೆ ಇದ್ರ ಜೊತೆ ಯಾರು ಮಲಗ್ತಾರೆ?

ಕೈಯಲ್ಲಿ ಒಂಬತ್ತು ಕಾಗದ, ಒಂಬತ್ತಕ್ಕೂ ಮೊಹರು.
ಈ ಮೂರಕ್ಕೆ ಒಂದೂ ಇಲ್ಲ.

ಬಿಟ್ಟು ಹೋಗಲಾ, ಅಂದೆ. ಗಂಟಲು ಒಣಗಿತ್ತು.
"ಯುಗಾದಿ ಆದ್ಮೇಲೆ ಓನರ್ರು ಶೀಟ್ ಕಿತ್ತು ಬಿಲ್ಡಿಂಗ್ ಏಳಿಸ್ತಾರಂತೆ.
ನಾನೇ ಎಲ್ಲೋ ಏನೋ.
ಇದಕ್ಕಾದ್ರೂ ಒಂದು ನಂಬರ್ ಹಾಕ್ಸಿದ್ದೀರಿ, ಹೋಗ್ಲಿ"
ನಗುತ್ತಲೇ ಅಂದಳು. ಹೊರಟಳು.
ಬೆಕ್ಕು ಹಿಂದೆಯೇ ಹೋಯಿತು.
ಕಿಟಕಿ ತೆರೆದೇ ಇಟ್ಟೆ, ಆ ರಾತ್ರಿ,
ಮತ್ತೆ ಉಳಿದಿದ್ದ ಹನ್ನೊಂದು ರಾತ್ರಿಯೂ.

ದೇವನಹಳ್ಳಿ. ಒಂದೂವರೆ ಗಂಟೆ.
ಬ್ಯಾಗು ಯಂತ್ರಕ್ಕೆ, ಬೆಕ್ಕು ಕೈಗೆ, ಅಂದರು.
ಕೊರಳಪಟ್ಟಿ ಬಿಚ್ಚಿ, ಎದೆಗವಚಿಕೊಂಡು
ಚೌಕಟ್ಟು ದಾಟಿದೆ; ಎಂಟು ಉಗುರೂ ಹೆಗಲಲ್ಲಿ.
ಪರದೆಯ ಮೇಲೆ ಬ್ಯಾಗಿನ ಎಲುಬು,
ಮೂಲೆಯಲ್ಲೊಂದು ಗಂಟು.
ಸಮವಸ್ತ್ರದ ಹುಡುಗಿ ಹಳೆ ಸೀರೆಯ ತುಂಡು ಎಳೆದಳು,
ಹೊರಡುವಾಗ ಚಿಕ್ಕತಾಯಮ್ಮ ಒಳಗೆ ಹಾಸಿದ್ದು.
ದೀಪದ ಕೆಳಗೆಲ್ಲ ಮಲ್ಲಿಗೆ, ಇದ್ದಿಲು.
ಗಂಟು ಬಿಚ್ಚಿದರೆ
ನಾಲ್ಕು ಒಣ ಸೀಗಡಿ.

ದಾರಿಯುದ್ದ ಬಾಯಿ ಬಿಡದವಳು ಆಗ ಕೂಗಿದಳು.
ಸಾಲಿನವರೆಲ್ಲ ತಿರುಗಿದರು.
ಹುಡುಗಿ ಅಂಗೈ ಚಾಚಿ, ಹಿಂದಿಯಲ್ಲಿ, ಹೆಸರೇನು ಅಂದಳು.
ಸುಬ್ಬಿ, ಅಂದೆ.

ಮೂರು ತಿಂದಳು.
ಉಳಿದ ಒಂದನ್ನು ಅದೇ ಸೆರಗಿಗೆ ಗಂಟು ಹಾಕಿದೆ.
ಗಡಿ ದಾಟಿಸಬಾರದ ವಸ್ತುಗಳ ಪಟ್ಟಿಯೊಂದು ಗೋಡೆಯ ಮೇಲಿತ್ತು.
ಓದಲಿಲ್ಲ.