ಉಳಿದ ಅರ್ಧ ವಾಕ್ಯ

ಕ್ಯೂರಿಂಗಿನಲ್ಲಿ ನಾನು ಬೀಜ ಆರಿಸುವವಳು.
ಇಪ್ಪತ್ತೆರಡು ವರ್ಷ, ಒಂದೇ ಕೈ.
ಎ, ಬಿ, ಪಿಬಿ, ಕಡೆಗೆ ಬಿಬಿಬಿ:
ಕರಿದು, ಚೂರು, ಕಂದು. ಅದಕ್ಕೂ ಒಂದು ರೇಟಿದೆ,
ಅದನ್ನು ಕೊಳ್ಳುವವರೂ ಬರುತ್ತಾರೆ ಚೀಲ ಹಿಡಿದು.

ನನ್ನನ್ನು ಆರಿಸಿದ್ದು ಜಿಲ್ಲಾಸ್ಪತ್ರೆಯ ಮೇಲಿನ ಮಹಡಿಯಲ್ಲಿ.
ಲಿಫ್ಟು ಕೆಟ್ಟಿತ್ತು.
ಗೋಡೆ ಹಿಡಿದು, ಕೂತು, ಎದ್ದು,
ಇಪ್ಪತ್ತೆಂಟು ಮೆಟ್ಟಿಲು ಹತ್ತಿದೆ
ಹತ್ತಲಾಗದು ಎಂದು ಬರೆಸಿಕೊಳ್ಳುವುದಕ್ಕೆ.

ಡಾಕ್ಟರು ತಲೆ ಎತ್ತದೆ ಕೇಳಿದರು:
ನಡೆಯೋಕಾಗುತ್ತಾ? ಆಗುತ್ತೆ ಸಾರ್.
ಜಡೆ ಹಾಕ್ಕೊಳ್ಳೋಕೆ? ಆಗುತ್ತೆ ಸಾರ್.
ನೀರು ಹೊರೋಕೆ? ಅದೂ ಆಗುತ್ತೆ.

ಸುಳ್ಳಲ್ಲ. ಏಳನೇ ವಯಸ್ಸಿನಿಂದ ರೂಢಿಯಾದ ಮಾತು.
ಹೆಸರು ಬರೆದುಕೊಳ್ಳಲು ಹಿಂದೆಮುಂದೆ ನೋಡಿದ ಮೇಷ್ಟರಿಗೆ,
ನೋಡಲು ಬಂದು ಕಾಫಿ ಕುಡಿದು ಎದ್ದು ಹೋದವರಿಗೆ,
ಒಂದು ವಾರ ನೋಡೋಣ ಅಂದ ರೈಟರಿಗೆ,
ನಾನು ಕೊಟ್ಟ ಅರ್ಜಿಯೆಲ್ಲ ಆ ಒಂದೇ ಮಾತು.

ಕಾಗದ ಬಂತು. ಮೂವತ್ತಾರು ಪರ್ಸೆಂಟು.
ನಲವತ್ತಿದ್ದರೆ ಪಿಂಚಣಿ.
ನಾಲ್ಕು ಪರ್ಸೆಂಟಿನಷ್ಟು ಗಟ್ಟಿಮುಟ್ಟಾಗಿದ್ದೆ ನಾನು.

ತಾಲ್ಲೂಕು ಕಚೇರಿ ಬಾಗಿಲಲ್ಲಿ ಒಬ್ಬ ಪಿಸುಗುಟ್ಟಿದ:
ಎರಡು ಸಾವಿರ ಕೊಡಿ, ಅಂಕಿ ತಿದ್ದಿಸ್ತೀನಿ.
ಸೆರಗಿನ ಗಂಟಿಗೆ ಕೈ ಹೋಗಿಯೇ ಬಿಟ್ಟಿತ್ತು.
ಜೆರಾಕ್ಸ್ ಅಂಗಡಿ ಹುಡುಗಿ ಕಣ್ಣಲ್ಲೇ ಬೇಡವೆಂದು
ಕೋರ್ಟಿನ ಕಡೆಗೆ ಗದ್ದ ಚಾಚಿದಳು.

ಉಚಿತ ಕಾನೂನು ನೆರವು, ನೀಲಿ ಬೋರ್ಡು.
ಬಿಟ್ಟಿ ಅಂದರೆ ನನಗೆ ಮೊದಲಿನಿಂದ ಅನುಮಾನ,
ಫೀಸೆಷ್ಟು ಅಂತ ಮೂರು ಸಲ ಕೇಳಿದೆ.
ವಕೀಲೆ ತಸ್ನೀಮ್. ಕರಿಕೋಟಿನ ಒಂದು ಗುಂಡಿ ಬೇರೆ ಬಣ್ಣದ್ದು.
ಏಳಬೇಡಿ ಎಂದು ತಮ್ಮ ಕುರ್ಚಿಯನ್ನೇ ಇತ್ತ ಎಳೆದರು.
ಅದೇ ಪ್ರಶ್ನೆ: ಜಡೆ ಹಾಕ್ಕೊಳ್ಳೋಕಾಗುತ್ತಾ?
ಆಗುತ್ತೆ ಮೇಡಂ.
ಎಷ್ಟು ಹೊತ್ತು?

ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.
ಕೂದಲನ್ನು ಬಾಗಿಲ ಚಿಲಕಕ್ಕೆ ಸಿಕ್ಕಿಸಿ, ಹಲ್ಲಲ್ಲಿ ಟೇಪು ಕಚ್ಚಿ,
ಮುಕ್ಕಾಲು ಗಂಟೆ. ಭಾನುವಾರ ಮಾತ್ರ.
ನೀರು? ಒಂದು ಕೊಡ ಹೊರಟರೆ ಅರ್ಧ ಕೊಡ ಮನೆಗೆ.
ಹನುಮಂತಪ್ಪ ಸರ್ಕಲಿನಿಂದ ಇಲ್ಲಿಗೆ?
ನಾಲ್ಕು ಕಡೆ ಕೂತೆ, ಒಂದು ಕಡೆ ಕೂರಲು ಬಿಡಲಿಲ್ಲ.
ರಾತ್ರಿ?
ರಾತ್ರಿ ಸೊಂಟ ನನ್ನದಲ್ಲ.

ಬರೆದರು, ಬರೆದರು, ಹಾಳೆ ತಿರುವಿದರು.
ಇಷ್ಟು ದಿನ ಹೇಳಿದ್ದು ಅರ್ಧ ವಾಕ್ಯ ಅಮ್ಮ, ಎಂದರು,
ಉಳಿದರ್ಧ ಇಲ್ಲಿದೆ.
ಓದಿ ಹೇಳುವಾಗ ಅವಳು ಬೇರೆ ಯಾರೋ ಅನ್ನಿಸಿತು.
ಪಾಪ ಅಂದುಕೊಂಡೆ ಅವಳಿಗೆ. ಆಮೇಲೆ ನಾಚಿಕೆ.
ಆಮೇಲೆ, ಮೆಟ್ಟಿಲು ನೆನೆದು, ಸಿಟ್ಟು.

ಸಹಿಯ ಕೆಳಗೆ ಹೆಸರು ನೋಡಿ ನಕ್ಕರು:
ದೇವೀರಮ್ಮ! ಬೆಟ್ಟ ಹತ್ತಿದ್ದೀರಾ?
ದೀಪಾವಳಿಗೆ ಊರಿಗೆ ಊರೇ ಹತ್ತುತ್ತದೆ
ನನ್ನ ಹೆಸರಿನ ಬೆಟ್ಟವನ್ನು, ಬರಿಗಾಲಲ್ಲಿ.
ಬುಡದಲ್ಲಿ ಕೂತು ಅಕ್ಕನ ಮಕ್ಕಳ ಚಪ್ಪಲಿ ಕಾಯುತ್ತೇನೆ,
ದೀಪದ ಸಾಲು ಎತ್ತರಕ್ಕೆ ಹೋಗುವುದನ್ನು ನೋಡುತ್ತ.
ಇದನ್ನೂ ಬರೆಯಲಾ? ಪೆನ್ನು ಎತ್ತಿದರು.
ಬೇಡ ಎಂದೆ.
ಅದು ಸರ್ಕಾರಕ್ಕೆ ಹೇಳುವುದಲ್ಲ.

ಮರುಪರೀಕ್ಷೆಗೆ ತಾರೀಕು ಕೊಟ್ಟಿದ್ದಾರೆ, ಬರುವ ಹನ್ನೊಂದು.
ಪತ್ರದ ಮೊದಲ ಸಾಲಿನಲ್ಲಿ ಮೇಡಂ ಬರೆದದ್ದು:
ಅರ್ಜಿದಾರರನ್ನು ನೆಲಮಹಡಿಯಲ್ಲೇ ಪರೀಕ್ಷಿಸತಕ್ಕದ್ದು.
ಅಂಕಿ ಬದಲಾಗುತ್ತೋ ಇಲ್ಲವೋ. ಡಾಕ್ಟರಂತೂ ಇಳಿದು ಬರಬೇಕು.

ಸಂಜೆ ಬಸ್ಸಿನ ಬಾಗಿಲಲ್ಲಿ ಕಂಡಕ್ಟರು ಕೇಳಿದ,
ಹತ್ತೋಕಾಗುತ್ತೇನಮ್ಮಾ?
ಆಗುತ್ತೆ, ಎಂದೆ. ಹಳೇ ಬಾಯಿ.
ಒಂದು ಉಸಿರು ಬಿಟ್ಟು, ಉಳಿದದ್ದನ್ನೂ ಹೇಳಿದೆ:
ಹೊತ್ತು ಹಿಡಿಯುತ್ತೆ.
ನಾನು ಕೂರೋವರೆಗೂ ರೈಟ್ ಅನ್ನಬೇಡಿ.