ಹುಳುಮನೆಯಲ್ಲಿ ಮಲಗುವವಳಿಗೆ

ಚಪ್ಪಲಿ ಆಚೆ ಬಿಡು ಪ್ರಮೀಳ, ಸುಣ್ಣ ತುಳಿದು ಒಳಗೆ ಬಾ.
ಮುಡಿದ ಮಲ್ಲಿಗೆಯನ್ನೂ ಅಲ್ಲೇ ಮೊಳೆಗೆ ಸಿಕ್ಕಿಸು.
ನಾಲ್ಕನೇ ಜ್ವರದಿಂದ ನಿನ್ನೆ ಎದ್ದಿವೆ,
ಹಸಿವು ಬಿಟ್ಟರೆ ಈಗ ಇವಕ್ಕೆ ಬೇರೆ ಲೋಕವಿಲ್ಲ.
ಊದುಬತ್ತಿ ಆಗದು, ಬೀಡಿ ಆಗದು,
ಪಕ್ಕದ ಮನೆಯ ಒಗ್ಗರಣೆ ಘಾಟಿಗೂ
ಮುಖ ತಿರುಗಿಸುವ ಮಹಾರಾಣಿಯರು.

ಮೇಲೆ ನೋಡು, ಸೂರಿನ ನಡುವೆ ಒಂದು.
ಇಲ್ಲಿ, ನಿನ್ನ ಚಾಪೆಯ ತಲೆದಿಕ್ಕಿಗೆ, ಎದೆಯೆತ್ತರಕ್ಕೆ ಇನ್ನೊಂದು.
ಚಂದ್ರಿಕೆಯಿಂದ ತಪ್ಪಿಸಿಕೊಂಡ ಹುಳು
ಗೋಡೆ ಹತ್ತಿ ಕಟ್ಟಿದ ಗೂಡು ಅಂದುಕೊಂಡೆಯಾ?
ನಮ್ಮತ್ತೆಯೂ ಹಾಗೇ ಅಂದಳು:
ಇದನ್ನು ಬಿಡಿಸಿ ಶಿಡ್ಲಘಟ್ಟಕ್ಕೆ ಹಾಕಿದರೆ ಎಷ್ಟು ಬಂದೀತೇ?

ಮೇಲಿನದು ಹೊಗೆ ಹಿಡಿಯುವುದು.
ಹೊಗೆಗೆ ಏರುವ ಚಟ, ಅದಕ್ಕೇ ಅದನ್ನು ಸೂರಿನಲ್ಲಿ ಕಾಯಬೇಕು.
ಕೆಳಗಿನದು ಹಿಡಿಯುವ ಗಾಳಿಯ ಹೆಸರು
ಕಾರ್ಬನ್ ಮಾನಾಕ್ಸೈಡ್ ಎಂದು ಮಗ ಬಾಯಿಪಾಠ ಮಾಡಿಸಿದ.
ನಾನು ಕಳ್ಳಗಾಳಿ ಅನ್ನುತ್ತೇನೆ.
ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮಿಸುವ ಮರ್ಯಾದೆಯೂ ಇಲ್ಲ.

ಹೋದ ಪುಷ್ಯದಲ್ಲಿ, ಜಂಗಮಕೋಟೆ ರಸ್ತೆ ಮಂಜಿನಲ್ಲಿ ಕಾಣದ ವಾರ,
ಥರ್ಮಾಮೀಟರ್ ಹತ್ತೊಂಬತ್ತಕ್ಕೆ ಇಳಿದಿತ್ತು.
ಹುಳುವಿಗೆ ಚಳಿಯಾದೀತೆಂದು ಎರಡು ಕುಂಪಟಿ ಇದ್ದಿಲು ಹೊತ್ತಿಸಿ,
ಕಿಟಕಿಯ ಸಂದಿಗೆ ಗೋಣಿ ತುರುಕಿ,
ನಾನೂ ತಂಗಿ ವನಜಳೂ ಇಲ್ಲೇ ಒರಗಿದೆವು.

ತಲೆ ಭಾರ. ನಿದ್ದೆಗೆಟ್ಟಿದ್ದಕ್ಕೆ ಅಂದುಕೊಂಡೆ.
ವನಜ ವಾಂತಿ ಮಾಡಿದಳು. ದೃಷ್ಟಿ ತಾಗಿರಬೇಕು ಅಂದೆ.
ಏಳಲು ಹೋದರೆ ಕಾಲು ಯಾರವೋ.
ಆಗ ಕಿವಿಗೆ ಬೀಳುತ್ತಿತ್ತು, ಸರಸರ, ಸರಸರ,
ಸಾವಿರ ಬಾಯಿ ಸೊಪ್ಪು ಮೇಯುವ ಸದ್ದು.
ಹುಳು ಚೆನ್ನಾಗಿವೆ, ಹಾಗಾದರೆ ಮನೆಯೂ ಚೆನ್ನಾಗಿದೆ
ಎಂದುಕೊಂಡು ಮತ್ತೆ ಕಣ್ಣು ಮುಚ್ಚಿದೆ, ಪ್ರಮೀಳ.

ಆ ಲೆಕ್ಕವೇ ತಪ್ಪು.

ನಾಲ್ಕು ಗಂಟೆಗೆ ಸೊಪ್ಪಿನ ಹೊರೆ ತಂದ ಗಂಗುಲಪ್ಪ
ಬಾಗಿಲು ಒದ್ದು ಇಬ್ಬರನ್ನೂ ಅಂಗಳಕ್ಕೆಳೆದ.
ಚಿಕ್ಕಬಳ್ಳಾಪುರದ ಡಾಕ್ಟರಮ್ಮ ಬಿಡಿಸಿ ಹೇಳಿದಳು:
ಅದು ಅಂಟಿಕೊಳ್ಳುವುದು ಕೆಂಪು ನೆತ್ತರಿಗೆ.
ಕಾಲಿಗೆ ಸಿಕ್ಕ ಹುಳು ನೋಡಿದ್ದೀಯಲ್ಲ,
ಒಳಗೆಲ್ಲ ತಿಳಿಹಳದಿ ನೀರು, ಕೆಂಪೆಲ್ಲಿದೆ?
ನಮ್ಮ ಪಕ್ಕದಲ್ಲೇ ಮೇಯುತ್ತಾ ಅವು ಆ ಬೆಳೆಯಲ್ಲಿ
ತೊಂಬತ್ತು ಕೆಜಿ ಗೂಡು ಕಟ್ಟಿದವು.
ವನಜ ಈಗಲೂ ನೂರರ ನೋಟು ಎಣಿಸುವಾಗ
ನಡುವೆ ನಿಂತು ನನ್ನ ಮುಖ ನೋಡುತ್ತಾಳೆ.

ಸರಿ, ಕೆಲಸ ಕೇಳು.
ಚಾಕಿ ಬಂದಿಳಿದ ದಿನ ಈ ಗುಂಡಿ ಒತ್ತಬೇಕು, ಕಿರುಚಬೇಕು.
ಕಿರುಚದಿದ್ದರೆ ಆ ರಾತ್ರಿ ಕುಂಪಟಿ ಇಲ್ಲ.
ಬ್ಲೀಚಿಂಗ್ ಹೊಡೆಯುವಾಗ ಎರಡನ್ನೂ ಬಿಚ್ಚಿ ಹೊರಗಿಡು,
ಮರೆಯದೆ ಅದೇ ಜಾಗಕ್ಕೆ ಸಿಕ್ಕಿಸು.
ಕಿಟಕಿ ಪಕ್ಕ ಬೇಡ, ಬೀಸುವ ಗಾಳಿ ಅದನ್ನು ಏಮಾರಿಸುತ್ತದೆ.
ಸುಣ್ಣದ ಧೂಳಿಗೆ ಒಣಬಟ್ಟೆ ಸಾಕು.
ಬೆನ್ನ ಮೇಲೆ ಇಸವಿ ಬರೆದಿದೆ, ಅದು ಕಳೆದ ಮೇಲೆ
ಗುಂಡಿಗೆ ಓಗೊಟ್ಟರೂ ನಂಬಬೇಡ.

ನಿಮಿಷಕ್ಕೊಂದು ಸಲ ಟಿಕ್ ಎಂದರೆ ಬ್ಯಾಟರಿಗೆ ಹಸಿವು.
ಮೊದಲ ಸಲ ಹಲ್ಲಿಯೆಂದೇ ತಿಳಿದು ನಮ್ಮತ್ತೆ
ನೆಲ ತಟ್ಟಿ ಕೃಷ್ಣ ಕೃಷ್ಣ ಅಂದಳು.
ಮತ್ತೆ ಟಿಕ್, ಮತ್ತೆ ಕೃಷ್ಣ ಕೃಷ್ಣ, ಬೆಳಗಿನವರೆಗೆ.
ಮನಸ್ಸಿನಲ್ಲಿ ಏನು ನೆನೆದಿದ್ದಳೋ,
ಮಾರನೆಯ ದಿನವೆಲ್ಲ ಮುಖದಲ್ಲಿ ಒಂದು ಕಳೆ.

ನಾಲ್ಕು ನಾಲ್ಕು ಸಲ ಕೂಗಿತೋ,
ಆಗ ಸೊಪ್ಪು ಬಿಡು, ತಟ್ಟೆ ಬಿಡು, ಹುಳುವನ್ನೂ ಬಿಡು.
ಬಾಗಿಲು ಹಾರುಹೊಡೆದು ಅಂಗಳಕ್ಕೆ ಬಂದು ನನ್ನನ್ನು ಕೂಗು.
ಬೆಳೆ ಹೋದರೆ ತಿಂಗಳಿಗೆ ಇನ್ನೊಂದು ಬಂದೀತು.

ಸಂದಿಲ್ಲದ ಮನೆ ಕಟ್ಟಿಕೊಂಡು ಒಳಗೆ ಮಲಗುವುದು
ಹುಳುವಿನ ಹಣೆಬರಹ.
ಆ ಗೋಣಿ ಈಚೆ ಎಳೆ.
ಚಳಿಯಾದರೆ ಇಗೋ, ನನ್ನ ಕಂಬಳಿ.