ಕೆಹಿಂದೆ

ಮಸ್ಜಿದ್ ಬಂದರಿನ ಲಾಡ್ಜು, ರಾತ್ರಿ ಪಾಳಿ.
ಹೆಸರು ಎರಡು ಸಲ ಕೇಳಿ ಬರೆದುಕೊಂಡೆ: ಕೆಹಿಂದೆ.
ಊರು ಇಬಾದಾನ್. ಕೆಲಸ? ಕಾದಂಬರಿ, ಅಂದ.
ಆ ಕಾಲಮ್ಮಿನಲ್ಲಿ ಹದಿನೇಳು ವರ್ಷ
ಲೇಸು, ಪ್ಲಾಸ್ಟಿಕ್ಕು, ಒಣಮೀನು, ಮೂತ್ರಪಿಂಡದ ಕಲ್ಲು,
ಇಷ್ಟೇ ಬರೆದವನು ನಾನು.

ಹಿಂದೆ ಅಂದರೆ ನಮ್ಮಲ್ಲಿ ಬೆನ್ನ ಕಡೆ,
ಹಿಂದೆ ಅಂದರೆ ಕತೆ ಶುರು,
ಅಂತ ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದೆ.
ನಕ್ಕ. ಮುಂದಿನೆರಡು ಹಲ್ಲಿನ ನಡುವೆ ಸಂದು.
ನಾನೂ ಬೆನ್ನ ಕಡೆಯವನೇ, ಅವಳಿಯಲ್ಲಿ ಆಮೇಲೆ ಬಂದವನು.
ಆದರೆ ಹಿರಿಯ ನಾನೇ ನೋಡು,
ಲೋಕದ ರುಚಿ ಹೇಗಿದೆ, ಹೋಗಿ ಹೇಳು ಅಂತ
ತಂಗಿಯನ್ನು ಮುಂದೆ ಕಳಿಸಿದವನು.

ತಂಗಿ ಟೈವೊ ದಿನವಿಡೀ ಮಂಗಲದಾಸ್ ಮಾರ್ಕೆಟ್ಟಿನಲ್ಲಿ
ಲೇಸಿನ ತಾನು ಬಿಚ್ಚಿಸಿ, ಬೆರಳು ತೂರಿಸಿ, ಬೈದು, ಎದ್ದು ಹೊರಟು, ತಿರುಗಿ ಬಂದು
ರಾತ್ರಿ ಊದಿದ ಕಾಲನ್ನು ಬಕೆಟ್ಟಿನಲ್ಲಿ ಇಳಿಬಿಟ್ಟು ಕೂರುತ್ತಾಳೆ.
ಅವನು ಬನಿಯನ್ನಿನಲ್ಲಿ ಕೂತು
ಅದೇ ಒಂದು ಸಾಲು ಬರೆಯುತ್ತಾನೆ, ಹೊಡೆಯುತ್ತಾನೆ.

ನಾಲ್ಕನೇ ರಾತ್ರಿ, ಎರಡು ಗಂಟೆ.
ನೀರು ಕೇಳಲು ಇಳಿದವನು ಬಾಟಲಿ ಕೊಟ್ಟರೂ ಹೋಗಲಿಲ್ಲ.
ಕೌಂಟರಿಗೆ ಮೊಣಕೈ ಊರಿ
ಆಲೋ ಓ, ಅಂದ.
ಫೋನಿರಬೇಕು ಅಂದುಕೊಂಡು ಸುಮ್ಮನಿದ್ದೆ.
ಅಲ್ಲ. ಅವನ ಅಜ್ಜಿ ಹಾಗೆ ಕೂಗಿದರೆ
ಅಂಗಳದ ಮಕ್ಕಳೆಲ್ಲ ಆಲೋ ಅಂತ ತಿರುಗಿ ಕೂಗಬೇಕಂತೆ,
ಕೂಗದಿದ್ದರೆ ಕತೆಯೊಳಗಿನ ಆಮೆ
ಚಿಪ್ಪಿನಿಂದ ತಲೆ ಹೊರಗೆ ಹಾಕದಂತೆ.
ಮೂರು ಪುಸ್ತಕ ಬರೆದೆ, ಅಂದ,
ಕಾಗದ ಇವತ್ತಿನವರೆಗೂ ತಿರುಗಿ ಕೂಗಿಲ್ಲ.

ನನ್ನ ಮೂಗಿಗೆ ಒದ್ದೆ ಬೀಡಿ ಎಲೆಯ ವಾಸನೆ.
ತೊಡೆಯ ಮೇಲೆ ಗೆರಸೆ, ಹಲ್ಲಲ್ಲಿ ನೂಲು ಕಚ್ಚಿಕೊಂಡು
ರಾಜಕುಮಾರನನ್ನು ಬಾವಿಯ ಕಟ್ಟೆಯಲ್ಲೇ ಬಿಟ್ಟು
ನಮ್ಮಜ್ಜಿ ಗದರುತ್ತಿದ್ದಳು:
ಹೂಂ ಅನ್ನೋ, ನಿದ್ದೆ ಹೋದೆಯಾ?

ಹೂಂ, ಅಂದೆ.

ಆಮೆಯ ಹೆಂಡತಿಗೆ ಮಕ್ಕಳಿಲ್ಲ. ಹೂಂ.
ಪಂಡಿತ ಮದ್ದಿನ ಸಾರು ಕುದಿಸಿ ಕೊಟ್ಟ, ನೀನು ನೆಕ್ಕಬೇಡ ಅಂದ. ಹೂಂ.
ದಾರಿಯಲ್ಲಿ ಎಡವಿತು, ಸಾರು ಕೈಗೆ ಚೆಲ್ಲಿತು. ಹೂಂ.
ಎಂಥ ಘಮ! ಹೂಂ ಹೂಂ.
ಮೆಟ್ಟಿಲಲ್ಲಿ ಮಲಗಿದ್ದ ಹಮಾಲ ಜನಾರ್ದನ ಜಾಧವ
ಒಂದಕ್ಷರ ತಿಳಿಯದೆ ಎದ್ದು ಕೂತ.
ಬಸುರಾದ ಆಮೆ ಹೊಟ್ಟೆ ಹೊತ್ತು
ಪಂಡಿತನ ಮನೆಗೆ ವಾಪಸು ಹೊರಡುವ ಹೊತ್ತಿಗೆ
ಹಾಲಿನ ಟೆಂಪೊ ಬಂತು.

ಆ ಶಬ್ದ ನಿನ್ನ ಲಿಪಿಯಲ್ಲಿ ಬರೆದುಕೊಡು, ಅಂದ.
ಹಳೆ ರಸೀದಿಯ ಬೆನ್ನಿಗೆ ಬರೆದೆ. ಕೆಳಗೇ ನಕಲು ಮಾಡಿದ,
ಹ ತಪ್ಪು, ಕೊಂಬು ಸೊಟ್ಟ.
ಸೊನ್ನೆಯೊಂದನ್ನು ಮಾತ್ರ ಸಾವಕಾಶ, ಗುಂಡಗೆ,
ಆಮೆಯ ಹೊಟ್ಟೆಯಷ್ಟು ದೊಡ್ಡದಾಗಿ ಬರೆದ.